ಹೊರಗಡೆ ನಿಂತು ಫೋಟೋ ತೆಗೆದವರು ಯಾರು?

ನಾವು ನಾಲ್ವರು. ಒಬ್ಬ ಹುಣಸೂರು, ಒಬ್ಬ ಪಿರಿಯಾಪಟ್ಟಣ, ಒಬ್ಬ ಕೆ.ಆರ್.ನಗರ, ಒಬ್ಬ ಎಚ್.ಡಿ.ಕೋಟೆ. ಹಾಸ್ಟೆಲ್‌ನಲ್ಲಿ ಎಲ್ಲರೂ ನಮ್ಮನ್ನ ಒಟ್ಟಿಗೆ ‘ಮೈಸೂರಿನವರು’ ಅಂತಾರೆ. ಮೈಸೂರು ನಮಗೂ ಬಸ್ಸು ಹತ್ತಿ ಹೋಗಬೇಕಾದ ಊರೇ ಅಂತ ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇವೆ. ನಾಲ್ವರನ್ನೂ ಗಂಟು ಹಾಕಿದ್ದು ಮಾತ್ರ ಊರಲ್ಲ, ಆಕಾಶದ ಫೋಟೋಗಳ ಹುಚ್ಚು. 2022ರ ಜುಲೈ 12ರಂದು ಜೇಮ್ಸ್ ವೆಬ್ ಟೆಲಿಸ್ಕೋಪಿನ ಕರೀನಾ ನೆಬ್ಯುಲಾ ಚಿತ್ರ ಬಂತಲ್ಲ, ಮಳೆಗಾಲದ ಬೆಳಗ್ಗೆ ಬೆಟ್ಟದಪುರದ ಬೆಟ್ಟಕ್ಕೆ ಮೋಡ ಹತ್ತಿಕೊಂಡ ಹಾಗಿರೋದು, ಅದು ಎಷ್ಟೋ ತಿಂಗಳು ನಮ್ಮ ಲ್ಯಾಪ್‌ಟಾಪ್‌ಗಳ ಮೇಲೆ ಕೂತಿತ್ತು. ಯಾರಾದರೂ ಕೇಳಿದರೆ ‘7,600 ಜ್ಯೋತಿರ್ವರ್ಷ ದೂರ’ ಅಂತ ಗತ್ತಿನಿಂದ ಹೇಳ್ತಿದ್ದೆವು. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಲಿಲ್ಲ.

ಕೇಳಿದ್ದು ಹುಣಸೂರಿನವನ ಅಪ್ಪ.

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಇಳಿದಾಗ ನಾವು ಮೆಸ್ಸಿನ ಟೀವಿ ಮುಂದೆ ತಟ್ಟೆ ಬಡಿದು ಕುಣಿದಿದ್ದೆವು. ರಾತ್ರಿ ಊರಿಗೆ ಫೋನ್ ಹಚ್ಚಿದರೆ ಅಪ್ಪ ಬ್ಯಾರನ್ ಹತ್ತಿರ ಇದ್ದರು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಅದು ಹೊಗೆಸೊಪ್ಪು ಬೇಯಿಸುವ ಕಾಲ. ರಾತ್ರಿಯೆಲ್ಲ ಎದ್ದು ಸೌದೆ ಹಾಕುತ್ತಾ ಬಿಸಿ ಕಾಯಬೇಕು. ಅಲ್ಲೇ ಕೂತು ಮೊಬೈಲಲ್ಲಿ ಪೂರ್ತಿ ನೋಡಿದ್ದರು. ‘ಇಳೀತು ಕಣ್ಲಾ, ನೋಡ್ದೆ, ಖುಷಿ ಆಯ್ತು. ಆದ್ರೆ ಒಂದು ಹೇಳು. ಅದು ಇಳಿಯೋದನ್ನ ಹೊರಗಡೆ ನಿಂತ್ಕೊಂಡು ಫೋಟೋ ತೆಗೆದೋರು ಯಾರು?’

ಸ್ಪೀಕರ್ ಆನ್ ಇತ್ತು. ನಾಲ್ವರೂ ಮುಖ ಮುಖ ನೋಡಿಕೊಂಡೆವು.

ನೇರ ಪ್ರಸಾರದಲ್ಲಿ ಲ್ಯಾಂಡರ್ ನಿಧಾನವಾಗಿ ತಿರುಗಿ ಕೆಳಗಿಳಿಯುವುದನ್ನು ಪಕ್ಕದಿಂದ ತೋರಿಸಿದರಲ್ಲ, ಅಲ್ಲಿ ಕ್ಯಾಮೆರಾ ಇರಲೇ ಇಲ್ಲ. ಲ್ಯಾಂಡರ್ ಕಳಿಸುತ್ತಿದ್ದ ಎತ್ತರ, ವೇಗದ ಅಂಕಿಗಳನ್ನು ಇಟ್ಟುಕೊಂಡು ಕಂಪ್ಯೂಟರ್ ಬರೆದ ಚಿತ್ರ ಅದು. ಅಪ್ಪನಿಗೆ ಹಾಗೆಂದರೆ ‘ಅಂದ್ರೆ ಗ್ರಾಫಿಕ್ಸು’ ಅಂದರು. ಹೌದು ಅನ್ನಲೇಬೇಕಾಯಿತು. ‘ಮತ್ತೆ ಇಳಿದದ್ದು?’ ಈ ಎರಡನೇ ಪ್ರಶ್ನೆಗೆ ನಗು ಬರಲಿಲ್ಲ. ಒಂದು ಗ್ರಾಫಿಕ್ಸು ಅಂದಮೇಲೆ ಎಲ್ಲವೂ ಯಾಕಿರಬಾರದು ಅನ್ನೋದು ಸರಿಯಾದ ಅನುಮಾನವೇ. ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಆ ವಾರವೇ ಇನ್ನೊಂದು ಚಿತ್ರ ಓಡಾಡುತ್ತಿತ್ತು: ಪ್ರಜ್ಞಾನ್ ರೋವರಿನ ಗಾಲಿ ಚಂದ್ರನ ಮಣ್ಣಿನ ಮೇಲೆ ಅಶೋಕ ಸ್ತಂಭದ ಲಾಂಛನವನ್ನು ರಬ್ಬರ್ ಸ್ಟಾಂಪ್ ಥರ ಒತ್ತಿರುವುದು. ಯಾರೋ ಕಂಪ್ಯೂಟರಲ್ಲಿ ಮಾಡಿದ ಕಲೆ ಅದು. ಗಾಲಿಯಲ್ಲಿ ಲಾಂಛನ ಇದ್ದದ್ದು ನಿಜ, ಅಚ್ಚು ಅಷ್ಟು ಸ್ಪಷ್ಟವಾಗಿ ಮೂಡಿರಲಿಲ್ಲ. ಅದನ್ನು ಫಾರ್ವರ್ಡ್ ಮಾಡಿದವರಲ್ಲಿ ನಮ್ಮ ಕ್ಲಾಸಿನವರೂ ಇದ್ದರು ಅನ್ನೋದನ್ನ ಇಲ್ಲಿ ಬರೆಯದೆ ಇರೋದು ಕಷ್ಟ.

ಆ ರಾತ್ರಿ ನಿಜವಾದ ಫೋಟೋಗಳನ್ನು ಹುಡುಕಿ ಒಂದು ಕಡೆ ಇಟ್ಟೆವು. ಇಳಿಯುತ್ತಾ ಲ್ಯಾಂಡರ್ ತಾನೇ ತೆಗೆದ ಕುಳಿಗಳ ಚಿತ್ರ. ಇಳಿದ ಮೇಲೆ ತೆಗೆದದ್ದು ಇನ್ನೊಂದು, ಅದರಲ್ಲಿ ಲ್ಯಾಂಡರಿನ ಒಂದು ಕಾಲು ಮತ್ತು ಆ ಕಾಲಿನ ನೆರಳು. ಬೇರೆ ಏನೂ ಇಲ್ಲ, ಬೂದಿ ಬಣ್ಣದ ನೆಲ. ಕರೀನಾ ಮುಂದೆ ಇಟ್ಟರೆ ಬಡಪಾಯಿ ಫೋಟೋ. ಆದರೆ ಆ ನೆರಳನ್ನು ನಾವು ಎಷ್ಟು ಹೊತ್ತು ನೋಡಿದೆವೋ ಲೆಕ್ಕವಿಲ್ಲ. ಗ್ರಾಫಿಕ್ಸ್‌ನವರು ಚಂದಕ್ಕೆ ಇಡೀ ಲ್ಯಾಂಡರ್ ತೋರಿಸುತ್ತಾರೆ. ಅಲ್ಲೇ ಕೂತ ಕ್ಯಾಮೆರಾಕ್ಕೆ ತನ್ನ ಕಾಲಷ್ಟೇ ಕಾಣೋದು.

ಆಮೇಲೆ ಆಗಸ್ಟ್ 30ರಂದು ಅಪ್ಪನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿತು. ಹೊರಗಡೆ ನಿಂತು ಫೋಟೋ ತೆಗೆಯೋಕೆ ಈಗ ಒಬ್ಬ ಇದ್ದ, ಪ್ರಜ್ಞಾನ್! ಅದರ ನ್ಯಾವ್‌ಕ್ಯಾಮ್ ವಿಕ್ರಮ್‌ನ ಫೋಟೋ ತೆಗೆಯಿತು. ಆ ಕ್ಯಾಮೆರಾ ತಯಾರಾದದ್ದು ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ, ಬೆಂಗಳೂರಲ್ಲೇ. ಅಷ್ಟು ದೂರದ ಸಿಗ್ನಲ್ ಹಿಡಿಯೋಕೆ ನಮ್ಮಲ್ಲಿರುವುದು ಬೆಂಗಳೂರಿಂದ ಸುಮಾರು 40 ಕಿ.ಮೀ. ದೂರದ ಬ್ಯಾಲಾಳುವಿನ 32 ಮೀಟರ್ ಡಿಶ್. ಲಿಂಕ್ ಕಳಿಸಿದ ಕೂಡಲೇ ಅಪ್ಪ ಒಂದೇ ಪದ ಬರೆದರು: ‘ಹಂಗನ್ನು’.

ಸೆಪ್ಟೆಂಬರ್ 5ರಂದು ಇಸ್ರೋ ಇನ್ನೊಂದು ಬಿಟ್ಟಿತು. ಪ್ರಜ್ಞಾನ್‌ನ ಎಡಗಣ್ಣಿನ ಚಿತ್ರ ಕೆಂಪಿನಲ್ಲಿ, ಬಲಗಣ್ಣಿನದ್ದು ನೀಲಿ ಹಸಿರಿನಲ್ಲಿ, ಎರಡನ್ನೂ ಒಂದರ ಮೇಲೊಂದು ಕೂರಿಸಿದ್ದು. ಬರಿಗಣ್ಣಿಗೆ ಕೆಟ್ಟ ಪ್ರಿಂಟಿಂಗ್ ಥರ ಕಾಣುತ್ತೆ. ನಾವು ಸ್ಟೇಷನರಿ ಅಂಗಡಿಯಿಂದ ಜಿಲೇಟಿನ್ ಪೇಪರ್ ತಂದು, ಮದುವೆ ಕಾರ್ಡು ಕತ್ತರಿಸಿ ಕನ್ನಡಕ ಮಾಡಿಕೊಂಡೆವು. ಗೌರಿ-ಗಣೇಶ ಹಬ್ಬಕ್ಕೆ ಹೋದಾಗ ಬ್ಯಾರನ್ ಮುಂದಿನ ಕತ್ತಲಲ್ಲಿ ಅಪ್ಪ ಅದನ್ನು ಹಾಕಿಕೊಂಡು ಮೊಬೈಲ್ ಹತ್ತಿರ ಹಿಡಿದರು. ವಿಕ್ರಮ್ ನೆಲದಿಂದ ಎದ್ದು ನಿಂತಿತು. ಕೈ ಚಾಚಿ ಸ್ಕ್ರೀನ್ ಮುಂದೆ ಗಾಳಿಯಲ್ಲಿ ಮುಟ್ಟಲು ನೋಡಿದರು. ಅಷ್ಟು ಹೊತ್ತಿಗೆ ಆ ಎರಡೂ ಯಂತ್ರಗಳನ್ನು ಚಂದ್ರನ ಮೇಲೆ ಮಲಗಿಸಿಯಾಗಿತ್ತು. ಅದನ್ನು ಹೇಳಿದ್ದಕ್ಕೆ ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಧೈರ್ಯ ಬಂದು ಅವತ್ತೇ ಕರೀನಾವನ್ನೂ ತೋರಿಸಿದೆವು. ‘ಈ ಬಣ್ಣ ನಿಜವಾ?’ ಇದಕ್ಕೆ ಬ್ಯಾರನ್ನೇ ನೆರವಾಯಿತು. ಒಳಗಿನ ಬಿಸಿ ಕಣ್ಣಿಗೆ ಕಾಣೋದಿಲ್ಲ, ಥರ್ಮಾಮೀಟರ್ ನೋಡಿ ಬೆಂಕಿ ಹೆಚ್ಚು ಕಡಿಮೆ ಮಾಡ್ತೀರಲ್ಲ. ಹಂಗೇ ವೆಬ್ ಹಿಡಿಯೋದು ಬಹುಪಾಲು ಇನ್ಫ್ರಾರೆಡ್, ನಮ್ಮ ಕಣ್ಣಿಗೆ ಆಗದ ಬೆಳಕು. ಒಂದೊಂದು ಫಿಲ್ಟರಿನಲ್ಲಿ ಬಂದ ಕಪ್ಪು ಬಿಳುಪು ಚಿತ್ರಕ್ಕೆ ಒಂದೊಂದು ಬಣ್ಣ ಕೊಡ್ತಾರೆ, ಗಿಡ್ಡ ಅಲೆಗೆ ನೀಲಿ, ಉದ್ದ ಅಲೆಗೆ ಕೆಂಪು. ಬಣ್ಣ ಕೊಟ್ಟದ್ದು ಮನುಷ್ಯರು, ಅಳತೆ ಅಲ್ಲಿಂದಲೇ ಬಂದದ್ದು. ಅಪ್ಪ ಒಪ್ಪಿದರು. ‘ಆದ್ರೆ ಅದನ್ನ ಕೆಳಗೆ ಬರೀಬೇಕು’ ಅಂದರು. ವೆಬ್ ಪುಟದಲ್ಲಿ ಬರೆದಿದ್ದಾರೆ, ಫಾರ್ವರ್ಡ್ ಆಗುವಾಗ ಮಾತ್ರ ಉದುರಿ ಹೋಗುತ್ತೆ.

ಇಷ್ಟೆಲ್ಲ ಆದಮೇಲೆ ಸ್ವಂತ ಕಣ್ಣಿಂದ ನೋಡಬೇಕು ಅನಿಸಿತು. ನಾಲ್ವರೂ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ 130 ಎಂ.ಎಂ. ಟೆಲಿಸ್ಕೋಪ್ ತಗೊಂಡೆವು. ದೀಪಾವಳಿ ಅಮಾವಾಸ್ಯೆಯ ಹಬ್ಬ, ಚಂದ್ರನ ಕಾಟ ಇಲ್ಲ. ಕೆ.ಆರ್.ನಗರದ ಗದ್ದೆ ಬಯಲು ವಿಶಾಲ, ಆದರೆ ಈಗ ಅಲ್ಲಿ ಬೀದಿ ದೀಪ ಜಾಸ್ತಿ. ಕೊನೆಗೆ ಕೋಟೆಯ ಕಾಡಂಚಿನ ಹೊಲಕ್ಕೆ ಹೋದೆವು. ಅಲ್ಲಿ ಕತ್ತಲು ಚೆನ್ನಾಗಿದೆ, ಆನೆಗಳೂ ಇವೆ. ಹಾಗಾಗಿ ಕಾವಲಿನ ಅಟ್ಟಣೆಯ ಪಕ್ಕದಲ್ಲೇ ಟೆಲಿಸ್ಕೋಪ್ ಇಟ್ಟೆವು. ಆಂಡ್ರೋಮಿಡಾ ಗೆಲಾಕ್ಸಿ, 25 ಲಕ್ಷ ಜ್ಯೋತಿರ್ವರ್ಷ ದೂರದ್ದು, ಗಾಜಿನ ಮೇಲೆ ಉಸಿರು ಬಿಟ್ಟಾಗ ಉಳಿಯುವ ಮಬ್ಬಿನ ಹಾಗೆ ಕಂಡಿತು. ನೇರಳೆ ಇಲ್ಲ, ಸುರುಳಿ ಇಲ್ಲ. ಪಿರಿಯಾಪಟ್ಟಣದವನಿಗೆ ಭಾರೀ ನಿರಾಸೆ. ಉಳಿದ ಮೂವರು ಆ ಮಬ್ಬನ್ನು ಬಿಟ್ಟು ಏಳಲಿಲ್ಲ. ಇದಕ್ಕೆ ಯಾರೂ ಬಣ್ಣ ಹಾಕಿಲ್ಲ, ಬೆಳಕು ನೇರ ಕಣ್ಣಿಗೇ ಬಂದು ಬೀಳ್ತಾ ಇದೆ.

ಶನಿಗೆ ತಿರುಗಿಸಿದಾಗ ಅಟ್ಟಣೆಯ ಮೇಲಿದ್ದ ಮಾವ ಕೆಳಗಿಳಿದು ಬಂದರು. ಒಂದು ಸಲ ನೋಡಿ ಎದ್ದವರು ನೇರ ಟೆಲಿಸ್ಕೋಪಿನ ಮುಂಭಾಗಕ್ಕೆ ಹೋಗಿ ಟಾರ್ಚ್ ಬಿಟ್ಟು ಇಣುಕಿದರು. ‘ಒಳಗಡೆ ಚಿತ್ರ ಅಂಟಿಸಿದ್ದೀರೇನೋ ಅಂದ್ಕೊಂಡೆ.’ ಆಮೇಲೆ ನಮ್ಮಲ್ಲೊಬ್ಬನನ್ನು ಕಣ್ಣಿಟ್ಟು ನೋಡಲು ಹೇಳಿ, ತಾವು ಟವೆಲ್ಲಿನಿಂದ ಕೊಳವೆಯ ಬಾಯಿ ಮುಚ್ಚಿದರು. ‘ಅದೆಯಾ?’ ಇಲ್ಲ ಮಾವ. ತೆಗೆದರು. ‘ಈಗ?’ ಬಂತು. ಮೂರು ಸಲ ಹೀಗೆ ಮಾಡಿ, ನಾಲ್ಕನೇ ಸಲ ತಾವೇ ಕೂತು ಶನಿ ಅಂಚಿಗೆ ಜಾರಿ ಮರೆಯಾಗುವ ತನಕ ನೋಡಿದರು. ‘ಓಡ್ತಾ ಅದೆ’ ಅಂದರು. ಅದು ಭೂಮಿ ತಿರುಗೋದು ಮಾವ, ಅಂತ ಶುರುಮಾಡುವಷ್ಟರಲ್ಲಿ ಹೊಲದ ಆ ಬದಿಯಲ್ಲಿ ಯಾರೋ ಪಟಾಕಿ ಹಚ್ಚಿದರು, ಆನೆ ಬಂದಿದೆ ಅಂತ. ಎಲ್ಲರೂ ಅಟ್ಟಣೆ ಹತ್ತಿದೆವು, ಟೆಲಿಸ್ಕೋಪಿನ ಸಮೇತ.

ಈಗ ನಾವು ಇಸ್ರೋದ ಪ್ರದಾನ್ ಪೋರ್ಟಲ್‌ನಿಂದ ಚಂದ್ರಯಾನ-2 ಆರ್ಬಿಟರಿನ ಚಿತ್ರಗಳನ್ನು ಇಳಿಸಿಕೊಳ್ಳುತ್ತಿದ್ದೇವೆ. ಯಾರು ಬೇಕಾದರೂ ಖಾತೆ ತೆರೆಯಬಹುದು. ಫೈಲುಗಳು ದೊಡ್ಡವು, ಹಾಸ್ಟೆಲ್ ವೈಫೈ ರಾತ್ರಿ ಒಂದರ ಮೇಲೆ ಪರವಾಗಿಲ್ಲ. ಊರಿಗೆ ಕಳಿಸುವ ಪ್ರತಿ ಚಿತ್ರದ ಕೆಳಗೂ ಮೂರು ಸಾಲು ಬರೆಯುತ್ತೇವೆ: ಯಾವ ಕ್ಯಾಮೆರಾ, ಎಲ್ಲಿಂದ, ಬಣ್ಣ ಯಾರದ್ದು. ಮಾವ ಚಿತ್ರ ತೆರೆಯುತ್ತಾರೋ ಇಲ್ಲವೋ, ಮೂರನೇ ಸಾಲನ್ನಂತೂ ಓದುತ್ತಾರಂತೆ.