ಬಿಟ್ಟಿ ಯುದ್ಧದ ಹತ್ತು ಗಂಟೆ

ನಮ್ಮ ಬೀದಿಗೆ ಬರುವ ಹಣ್ಣಿನ ಗಾಡಿಯವನು ಚಾಕುವಿನ ತುದಿಯಲ್ಲಿ ಒಂದು ಹೋಳು ಚುಚ್ಚಿ, "ರುಚಿ ನೋಡಿ ಸಾರ್, ಆಮೇಲೆ ತಗೊಳ್ಳಿ" ಎನ್ನುತ್ತಾನೆ. ತಿಂದಾದ ಮೇಲೆ ಬಾಯಿ ಒರೆಸಿಕೊಂಡು ಸುಮ್ಮನೆ ಹೋಗಲು ಕಲ್ಲೆದೆ ಬೇಕು. ನನಗಿಲ್ಲ. ಒಂದು ಹೋಳಿನ ಋಣಕ್ಕೆ ಸಿಕ್ಕಿ ಎರಡು ಕೆ.ಜಿ. ಹುಳಿ ಕಿತ್ತಳೆ ಹೊತ್ತು ಮನೆಗೆ ಬಂದು ಬೈಸಿಕೊಂಡವನು ನಾನು. ಹಾಗಾಗಿ ಅಕ್ಕನ ಮಗ, "ಮಾವ, ಹತ್ತು ಗಂಟೆ ಫ್ರೀ ಇದೆ, ಆಡಿ ನೋಡಿ" ಎಂದಾಗಲೇ ಹುಷಾರಾಗಬೇಕಿತ್ತು.

ಆಟದ ಹೆಸರು ಬ್ಯಾಟಲ್‌ಫೀಲ್ಡ್ 1. ಬಂದದ್ದು 2016ರಲ್ಲಿ. ಬ್ಯಾಟಲ್‌ಫೀಲ್ಡ್ 4 ಅದಕ್ಕೆ ಮುಂಚೆಯೇ ಬಂದಿತ್ತಂತೆ. ನಾಲ್ಕಾದ ಮೇಲೆ ಒಂದು ಬರುವ ಈ ಎಣಿಕೆ ನನಗೆ ಇವತ್ತಿಗೂ ಬಗೆಹರಿದಿಲ್ಲ. ಕಥೆ ಮೊದಲನೇ ಮಹಾಯುದ್ಧದ್ದು, ಅದಕ್ಕೇ ಒಂದು ಎಂದು ಅವನು ಸಮಾಧಾನ ಹೇಳಿದ. 50 ಜಿಬಿ ಜಾಗ ಕೇಳಿತು. ಇಳಿಸಿಕೊಳ್ಳಲು ಎರಡು ರಾತ್ರಿ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನಿಜವಾದ ಪಡೆಯೊಂದನ್ನು ರೈಲು ಹತ್ತಿಸಿ ಗಡಿಗೆ ಕಳಿಸಬಹುದಿತ್ತು.

ಶುರುವಾತು ಒಬ್ಬರೇ ಆಡುವ ಒಂದು ತುಣುಕು. ಕಂದಕ, ಹೊಗೆ, ಮುಗಿಯದೆ ನುಗ್ಗಿ ಬರುವ ಶತ್ರುಗಳು. ನೀವು ಸಾಯುತ್ತೀರಿ, ಸಾಯಲೇಬೇಕು. ಆಗ ಪರದೆಯ ಮೇಲೆ ಸತ್ತವನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಮೂಡುತ್ತದೆ. ಮರುಕ್ಷಣ ನೀವು ಇನ್ನೊಬ್ಬ ಸಿಪಾಯಿ. ಅವನೂ ಸಾಯುತ್ತಾನೆ, ಅವನಿಗೂ ಹೆಸರು, ಅವನಿಗೂ ಎರಡು ವರ್ಷ. ವೀಡಿಯೋ ಗೇಮ್ ಎಂದರೆ ಮೂಗು ಮುರಿಯುತ್ತಿದ್ದ ನಾನು ಮೌಸ್ ಮೇಲಿಂದ ಕೈ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ಮಾವ, ಟೈಮ್ ಹೋಗ್ತಿದೆ" ಎಂದ ಹುಡುಗ. ನಿಜ. ನಾವು ಮರುಗಿದರೂ ಗಡಿಯಾರ ನಿಲ್ಲುವುದಿಲ್ಲ.

ಆಮೇಲೆ ಅಸಲಿ ರಣರಂಗ: ಆ ಕಡೆ 32, ಈ ಕಡೆ 32, ಒಟ್ಟು 64 ಜನ, ಎಲ್ಲರೂ ಎಲ್ಲೆಲ್ಲೋ ಕೂತ ನಿಜವಾದ ಮನುಷ್ಯರು. ಇಲ್ಲಿ ಕಾಲು ಎಡಗೈಯಲ್ಲಿ, ಕತ್ತು ಬಲಗೈಯಲ್ಲಿ. ನಾಲ್ಕು ಅಕ್ಷರಗಳ ಕೀಲಿ ಒತ್ತಿ ನಡೆಯಬೇಕು, ಮೌಸ್ ತಿರುಗಿಸಿ ನೋಡಬೇಕು. ಎರಡಕ್ಕೂ ಹೊಂದಿಕೆಯಾಗುವ ತನಕ ನಾನು ಆಕಾಶ ನೋಡುತ್ತಾ ಹಿಂದು ಹಿಂದಕ್ಕೆ ನಡೆದು ಗೋಡೆಗೆ ಆತುಕೊಂಡಿದ್ದೆ. ಯಾರೋ ಬಂದರು, ಒಂದು ಕ್ಷಣ ನಿಂತರು (ಬಹುಶಃ ಇವನು ಯಾವುದೋ ಹೊಸ ತಂತ್ರ ಹೂಡಿದ್ದಾನೆಂದು ಅನುಮಾನ ಬಂದಿರಬೇಕು), ಆಮೇಲೆ ಹೊಡೆದರು.

ಒಬ್ಬರಿಗೊಬ್ಬರು ಹೀಗೆ ಗುರಿಯಿಡುವ ಆಟ ನಿನ್ನೆ ಮೊನ್ನೆಯದಲ್ಲ. 1973ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ ಕೆಲವು ಹುಡುಗರು ಮೇಜ್ ವಾರ್ ಎಂಬುದನ್ನು ಕಟ್ಟಿದ್ದರು. ಅದರಲ್ಲಿ ಆಟಗಾರರಿಗೆ ಕೈಕಾಲೂ ಇರಲಿಲ್ಲ, ಮುಖವೂ ಇರಲಿಲ್ಲ. ಓಣಿಯಲ್ಲಿ ತೇಲುವ ಒಂದೊಂದು ಕಣ್ಣುಗುಡ್ಡೆ, ಅಷ್ಟೇ. ಚಂದ್ರನಿಗೆ ಮನುಷ್ಯನನ್ನು ಕಳಿಸಿದ ಸಂಸ್ಥೆಯಲ್ಲಿ ಬಿಡುವು ಸಿಕ್ಕರೆ ಜನ ಮಾಡುವುದು ಇದನ್ನೇ. 1993ರಲ್ಲಿ ಡೂಮ್ ಬಂತು. ಅದರ ಮೊದಲ ಭಾಗವನ್ನು ಪೂರ್ತಿ ಪುಕ್ಕಟೆ ಹಂಚಿ, ಮುಂದಿನದಕ್ಕೆ ಕಾಸು ಕೇಳಿದರು. ಅಂದರೆ ನಮ್ಮ ಹಣ್ಣಿನ ಗಾಡಿಯವನ ಉಪಾಯ.

ಆದರೆ ನನಗೆ ಕೊಟ್ಟ ಹತ್ತು ಗಂಟೆಯ ಹೋಳು ಬೇರೆ ಜಾತಿಯದು. ಇದು ಹೊಳೆದದ್ದು ಮೂರನೆಯ ಗಂಟೆಯಲ್ಲಿ, ಎಷ್ಟನೆಯ ಸಾವೋ ಲೆಕ್ಕವಿಲ್ಲ. ಅರವತ್ತನಾಲ್ಕು ಜನರ ಆಟಕ್ಕೆ ಹನ್ನೆರಡೇ ಜನ ಬಂದರೆ ಅದು ಊಟಕ್ಕೆ ಜನವಿಲ್ಲದ ಮದುವೆಮನೆ. ಎಲೆ ಹಾಕಿದೆ, ಬಡಿಸುವವರಿದ್ದಾರೆ, ಪಂಕ್ತಿ ತುಂಬಿಲ್ಲ. ದುಡ್ಡು ಕೊಟ್ಟು ಒಳಗೆ ಬಂದವರಿಗೆ ಹೊಡೆಯಲು ಯಾರಾದರೂ ಬೇಕಲ್ಲ! ಅದಕ್ಕೆ ನಾವು. ಕನ್ನಡದಲ್ಲಿ 'ಬಿಟ್ಟಿ' ಎಂಬ ಮಾತಿಗೆ ಎರಡರ್ಥ: ಕಾಸಿಲ್ಲದೆ ಸಿಕ್ಕಿದ್ದು ಒಂದು, ಕೂಲಿಯಿಲ್ಲದೆ ದುಡಿದದ್ದು ಇನ್ನೊಂದು. ನಾನು ಮೊದಲನೆಯದೆಂದುಕೊಂಡು ಹೋಗಿ ಎರಡನೆಯದನ್ನು ಮಾಡುತ್ತಿದ್ದೆ. ಕೆಲಸ ಸಾಯುವುದು, ಚೆನ್ನಾಗಿಯೇ ಮಾಡಿದೆ. ಕೊನೆಗೆ ಅಂಕಿ ಹೀಗಿತ್ತು: ಕೊಂದದ್ದು 4, ಸತ್ತದ್ದು 71.

ಇದಕ್ಕೆಲ್ಲ ನನ್ನ ಕೈಯೊಂದೇ ಹೊಣೆಯಲ್ಲ ಎಂದು ಹುಡುಗ ಹೇಳಿದ. ಪಿಂಗ್ ಎಂಬುದೊಂದಿದೆ. ನಾವು ಗುಂಡು ಹಾರಿಸಿದ ಸುದ್ದಿ ಎಲ್ಲೋ ದೂರದ ಸರ್ವರ್ ಮುಟ್ಟಿ ಉತ್ತರ ಬರಲು ಹಿಡಿಯುವ ಹೊತ್ತು ಅದು. 100 ಮಿಲಿಸೆಕೆಂಡ್ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ನಾನು ಗೋಡೆಯ ಮರೆಗೆ ಸೇರಿಕೊಂಡು ಬದುಕಿದೆ ಎಂದುಕೊಳ್ಳುವಾಗ, ನನ್ನನ್ನು ಹೊಡೆದವನ ಪರದೆಯಲ್ಲಿ ನಾನಿನ್ನೂ ಬಯಲಿನಲ್ಲೇ ಇರುತ್ತೇನೆ. ಹಾಗಾಗಿ ಗೋಡೆಯ ಹಿಂದೆ ಬಂದು ಸಾಯುತ್ತೇನೆ. ಬಂದೂಕಿನ ವಿಷಯದಲ್ಲಿ ಮಾತ್ರವಲ್ಲ, ಬ್ಯಾಂಕಿನ ಕೌಂಟರಿನಲ್ಲೂ ನನಗೆ ಇದೇ ಆಗುತ್ತದೆ.

ಐದನೆಯ ಗಂಟೆಯಿಂದ ಮೆಡಿಕ್ ಆದೆ. ಬಿದ್ದವರ ಬಳಿ ಓಡಿಹೋಗಿ ಸಿರಿಂಜು ಚುಚ್ಚಿದರೆ ಎದ್ದು ನಿಲ್ಲುತ್ತಾರೆ. ಕೊಲ್ಲಲು ಬರದವನಿಗೆ ಹೇಳಿ ಮಾಡಿಸಿದ ಉದ್ಯೋಗ. ಹಿಂದಿನಿಂದ ಹುಡುಗ, "ಮಾವ, ಅಲ್ಲಿ ಹೋಗ್ಬೇಡಿ, ಬಯಲು ಅದು!" ಎಂದು ಕೂಗುತ್ತಿದ್ದರೂ ಹೋಗುತ್ತಿದ್ದೆ. ಬಿದ್ದವನನ್ನು ನೋಡಿಕೊಂಡು ಹೇಗೆ ಬಿಟ್ಟುಬರುವುದು? ಒಬ್ಬನನ್ನು ಒಂದೇ ಜಾಗದಲ್ಲಿ ಮೂರು ಸಲ ಎಬ್ಬಿಸಿದೆ. ಮೂರು ಸಲವೂ ಅವನು ಎದ್ದ ತಕ್ಷಣ ಬಿದ್ದ. ನಾಲ್ಕನೇ ಸಲ ಹೋದಾಗ ಅವನೇ ಬೇಸತ್ತು ಮಾಯವಾಗಿದ್ದ. ನನ್ನವಳು ಕಾಫಿ ತಂದಿಟ್ಟು ಪರದೆ ನೋಡಿ, "ಇದರಲ್ಲೂ ನಿಮಗೆ ಬೇರೆಯವರ ಉಸಾಬರಿನಾ?" ಎಂದಳು.

ಕೊನೆಯ ಗಂಟೆಯಲ್ಲಿ ಸಿನಾಯ್ ಮರುಭೂಮಿ ಬಂತು. ಎದುರಿಗೆ ತುರ್ಕರು, ದೂರದಲ್ಲಿ ಕಬ್ಬಿಣದ ರೈಲು, ನನಗೊಂದು ಕುದುರೆ. ಮರಳಿನ ಮೇಲೆ ಅದು ಓಡತೊಡಗಿದಾಗ ಎಂದೋ ಓದಿದ್ದು ನೆನಪಾಯಿತು. ಆ ಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರು ಸೂಯೆಜ್ ಕಾಲುವೆ ಕಾಯಲು ಹೋಗಿದ್ದರು. ಮುಂದೆ 1918ರ ಸೆಪ್ಟೆಂಬರ್ 23ರಂದು, ಜೋಧಪುರದವರು ಹೈಫಾ ಊರಿನೊಳಕ್ಕೆ ಕುದುರೆ ನುಗ್ಗಿಸಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡೆಯ ಫಿರಂಗಿಗಳ ಮೇಲೆ ಬಿದ್ದರು. ಎದುರಿಗೆ ಮೆಷಿನ್ ಗನ್, ಇವರ ಕೈಯಲ್ಲಿ ಭರ್ಜಿ ಕತ್ತಿ. ಆ ಬಯಲಿನಲ್ಲಿ ಬಿದ್ದವರಿಗೆ ಸಿರಿಂಜು ಹಿಡಿದು ಓಡಿಬರುವ ನನ್ನಂಥವನು ಇರಲಿಲ್ಲ. ಇದನ್ನೆಲ್ಲ ಹುಡುಗನಿಗೆ ಹೇಳುತ್ತಾ ಕುದುರೆ ಓಡಿಸುತ್ತಿದ್ದೆ. "ಹೌದಾ ಮಾವ, ನಮ್ಮೋರಾ?" ಎಂದ. ಅಷ್ಟರಲ್ಲಿ ಅವಧಿ ಮುಗಿಯಿತು, ಮುಂದೆ ಆಡಬೇಕಾದರೆ ಕೊಂಡುಕೊಳ್ಳಿ ಎಂಬ ಬರಹ ಬಂತು. ಕುದುರೆ ಏನಾಯಿತೋ.

ಮುಂದಿನ ಭಾನುವಾರ ಅವನ ಬೈಕಿನ ಹಿಂದೆ ಕೂತು ಬೆಂಗಳೂರಿನ ಜೆ.ಸಿ. ನಗರಕ್ಕೆ ಹೋದೆ. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ಒಂದು ಕಲ್ಲಿನ ಕಂಬ. ದಾರಿಯಲ್ಲಿ ಹೋಗುವವರು ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ನಾನೂ ಎಷ್ಟು ಸಲ ಆ ಕಡೆ ಹಾದುಹೋಗಿದ್ದೇನೆ. ಹುಡುಗ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು, ಅಲ್ಲಿ ಕೆತ್ತಿದ ಹೆಸರುಗಳನ್ನು ಒಂದೊಂದಾಗಿ ಓದಿದ.

ಆಟದ ಬೆಲೆ ಆಮೇಲೆ ಬಹಳ ಇಳಿಯಿತು. ನಾನು ಕೊಳ್ಳಲಿಲ್ಲ.