ಈಜಿಪ್ಟಿನ ರಾಣಿ, ಕೆಂಪು ಸಮುದ್ರದ ತೀರ

ಸೋದರಿಯರೇ, ಮದುವೆಯಾಗಿ 25 ವರ್ಷವಾಯಿತೆಂದು ಮಕ್ಕಳು ನಮ್ಮಿಬ್ಬರನ್ನೂ ಪ್ರವಾಸಿ ತಂಡದೊಡನೆ ಈಜಿಪ್ಟಿಗೆ ಕಳಿಸಿದರು. ಲಕ್ಸರ್‌ನ ಕಾರ್ನಾಕ್ ದೇವಾಲಯದ ಒಂದೇ ಮಂಟಪದಲ್ಲಿ 134 ಕಂಬಗಳು! ನೋಡಿ ನೋಡಿ ಕುತ್ತಿಗೆ ನೋವು ಬಂತು.

ನೈಲ್ ನದಿಯಾಚೆ ಹಾಟ್‌ಶೆಪ್ಸುಟ್ ಕಟ್ಟಿಸಿದ ಗುಡಿ. ಸುಮಾರು 3,500 ವರ್ಷದ ಹಿಂದೆ ದೇಶವಾಳಿದ ಹೆಂಗಸು. ಸತ್ತ ಮೇಲೆ ಎಷ್ಟೋ ಕಡೆ ಅವಳ ಹೆಸರನ್ನೇ ಉಳಿಯಿಂದ ಕೆತ್ತಿ ಅಳಿಸಿದರಂತೆ. ಗೈಡ್ ಹೇಳುವಾಗ ನನ್ನ ಕಣ್ಣು ತುಂಬಿತು. ಮನೆಯಲ್ಲಿ ‘ಅಮ್ಮಾ’, ‘ಏ ಇವಳೇ’ ಅಂತಲ್ಲದೆ ನನ್ನನ್ನು ಹೆಸರು ಹಿಡಿದು ಕರೆದು ಎಷ್ಟು ಕಾಲವಾಯಿತೋ!

ಕೊನೆಯ ಎರಡು ದಿನ ಕೆಂಪು ಸಮುದ್ರದ ಹುರ್ಘಾದಾದಲ್ಲಿ ವಿಶ್ರಾಂತಿ. ನೀರಲ್ಲಿ ಕಾಲಿಟ್ಟು ಸುಮ್ಮನೆ ಕೂತಿದ್ದೆ. ಇವರೇ ಟೀ ತಂದು, ಹೆಸರು ಹಿಡಿದು ಕರೆದರು.

ನೀವೂ ಹೋದರೆ ಗುಡಿಗಳನ್ನು ಬಿಸಿಲೇರುವ ಮುಂಚೆಯೇ ನೋಡಿ. ಕಡಲು ಕೊನೆಗಿರಲಿ.