ಎಷ್ಟು ಬಾಗಿಲು ತೆರೀಬೇಕು?

ಕಾಫ್ಕಾ ಕನೆಕ್ಟರ್ ಓಡದಿದ್ದರೆ ನಾನು ಮೊದಲು ಎರರ್ ಓದ್ತೀನಿ. ‘ರೆಫ್ಯೂಸ್ಡ್’ ಅಂದ್ರೆ ಸಾಮಾನ್ಯವಾಗಿ ಮನೆ ಸಿಕ್ಕಿದೆ, ಆ ಬಾಗಿಲಲ್ಲಿ ಯಾರೂ ಇಲ್ಲ. ‘ಟೈಮ್‌ಔಟ್’ ಅಂದ್ರೆ ಬಹುತೇಕ ಫೈರ್‌ವಾಲ್‌ನ ಮೌನ. ಒಂದೇ ಬ್ರೋಕರ್‌ಗೆ 9092 ತೆರೆದರೆ ಸಾಲದು. ಅದು ಸರ್ಕಾರಿ ಕಚೇರಿಯ ಮೊದಲ ಕೌಂಟರ್ ಥರ, ಉಳಿದ ಬ್ರೋಕರ್‌ಗಳ ವಿಳಾಸ ಕೊಟ್ಟು ‘ಅಲ್ಲಿ ಹೋಗಿ’ ಅನ್ನುತ್ತೆ. ಎಲ್ಲದಕ್ಕೂ ದಾರಿ ಬೇಕು.

ರಾತ್ರಿ 11 ಗಂಟೆಗೆ ಮ್ಯಾನೇಜರ್ ಮೂರನೇ ಸಲ ಫೋನ್ ಮಾಡಿದಾಗ, 0.0.0.0/0 ಹಾಕಿ ಎಲ್ಲ ಪೋರ್ಟೂ ತೆರೆದುಬಿಡೋಣ ಅನ್ನಿಸುತ್ತೆ. ಆದರೆ ಕನೆಕ್ಟ್‌ನ 8083, ನಾವಾಗಿ ಹೇಳದ ಹೊರತು, ಪಾಸ್‌ವರ್ಡ್ ಕೇಳಲ್ಲ. ಕನೆಕ್ಟರ್ ಹಾಕೋದು, ತೆಗೆಯೋದು ಅಲ್ಲಿಂದಲೇ. ಒಳಗೆ ಹರಿಯೋದು ಯಾರದೋ ಸಂಬಳ, ಯಾರದೋ ಫೋನ್ ನಂಬರ್.

ಅದಕ್ಕೇ ನಾನು ಬರೆದು ಕೇಳ್ತೀನಿ: ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್, ಯಾಕೆ. ಅನುಮತಿ ಬೆಳಿಗ್ಗೆ ಬಂದ್ರೂ ಸರಿ, ಬೈಗುಳ ನನಗಿರಲಿ.